ಹಳೇ ಲೇಥ್‌ಗೆ ಚಕ್, ಸ್ಟೆಡಿ, ಗೇರು: ಹುಡುಕೋದಾ, ಮಾಡ್ಕೊಳ್ಳೋದಾ?

ತಿರುಗಣಿ
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಹುಡುಕ್ತಿದ್ದೆ, ಕೊನೆಗೂ ಒಂದು ಮೈಫರ್ಡ್ ಎಂಎಲ್7 (ಲೋಹ ತಿರುಗಿಸಿ ಕಟ್ ಮಾಡೋ ಚಿಕ್ಕ ಇಂಗ್ಲಿಷ್ ಲೇಥ್) ಸಿಕ್ತು. ಬೆಡ್ ಚೆನ್ನಾಗಿದೆ, ಸ್ಪಿಂಡಲ್‌ನಲ್ಲಿ (ಜಾಬ್, ಅಂದ್ರೆ ಕೆಲ್ಸದ ತುಂಡು, ತಿರುಗಿಸೋ ಶಾಫ್ಟು) ಆಟ ಇಲ್ಲ, ಮೋಟರ್ ಓಡುತ್ತೆ. ಆದ್ರೆ ಮೆಷಿನ್ ಜೊತೆ ಬಂದ ಸಾಮಾನು ನೋಡಿದ್ರೆ ಅಳು ಬರುತ್ತೆ. ಒಂದು 4 ಇಂಚಿನ ತ್ರೀ ಜಾ ಚಕ್ (ಮೂರು ದವಡೇಲಿ ಜಾಬ್ ಹಿಡಿಯೋದು), ಅದಕ್ಕೂ ಒಳಗಿನ ಜಾ ಸೆಟ್ ಮಾತ್ರ, ಹೊರಗಿನ ಸೆಟ್ ಎಲ್ಲೋ ಕಳ್ದುಹೋಗಿದೆ. ಒಂದು ಫೇಸ್‌ಪ್ಲೇಟು (ಜಾಬ್ ಬೋಲ್ಟ್ ಮಾಡೋ ತಟ್ಟೆ), ಒಂದು ಕ್ಯಾಚ್ ಪ್ಲೇಟು (ಸೆಂಟರ್ ಮಧ್ಯೆ ಇರೋ ಜಾಬ್ ಎಳೆದು ತಿರುಗಿಸೋದು). ಫೋರ್ ಜಾ ಇಲ್ಲ, ಸ್ಟೆಡಿ (ಉದ್ದ ಜಾಬ್‌ಗೆ ಆಸರೆ ಕೊಡೋ ರಿಂಗು) ಇಲ್ಲ, ಚೇಂಜ್ ಗೇರ್ (ಥ್ರೆಡ್ ಪಿಚ್ ಬದಲಿಸೋಕೆ ಹಾಕೋ ಗೇರು) ಅರ್ಧ ಇಲ್ಲ, ಟೂಲ್ ಪೋಸ್ಟ್ ಅಂದ್ರೆ ಒಂದೇ ಟೂಲ್ ಒತ್ತಿ ಹಿಡಿಯೋ ಕ್ಲಾಂಪು, ಪ್ರತಿ ಸಲ ತಗಡು ಚೂರು ಇಟ್ಟು ಹೈಟ್ ಸರಿಮಾಡ್ಬೇಕು.

ಈಗ ಪ್ರಶ್ನೆ. ಯಾವುದನ್ನ ಹುಡುಕಿ ಕೊಳ್ಳೋದು, ಯಾವುದನ್ನ ಇದೇ ಲೇಥಲ್ಲಿ ಮಾಡ್ಕೊಳ್ಳೋದು? ಆನ್‌ಲೈನಲ್ಲಿ ಒಬ್ರು ಒಂದು ಫೋರ್ ಜಾ ಹಾಕಿದಾರೆ, "ಎಲ್ಲಾ ಚಿಕ್ಕ ಲೇಥ್‌ಗೂ ಕೂರುತ್ತೆ" ಅಂತ ಬರ್ದಿದಾರೆ. ತಗೊಳ್ಳಲಾ? ನನಗೆ ಮೆಟ್ರಿಕ್ ಥ್ರೆಡ್ ಕೂಡ ಕಟ್ ಮಾಡ್ಬೇಕು, ಲೀಡ್ ಸ್ಕ್ರೂ (ಥ್ರೆಡ್ ಕಟ್ ಮಾಡೋವಾಗ ಟೂಲ್ ಸರಿಸೋ ಉದ್ದ ಸ್ಕ್ರೂ) ಇಂಚಿಂದು.

ಫಿಟ್ಟರ್‌ಮಾವ
ಎಲ್ಲಾ ಲೇಥ್‌ಗೂ ಕೂರೋ ಚಕ್ ಅನ್ನೋದು ಭೂಮಿ ಮೇಲೆ ಇಲ್ಲ ಕಣಪ್ಪ. ಅದನ್ನ ಬಿಡು.

ಮೊದ್ಲು ನಿನ್ ಸ್ಪಿಂಡಲ್ ಮೂತಿ ಅಳತೆ ಬರ್ಕೋ. ಎಂಎಲ್7 ಆದ್ರೆ ಒಂದೂಕಾಲರೆ, ಅಂದ್ರೆ 1⅛ ಇಂಚು ವ್ಯಾಸ, ಇಂಚಿಗೆ 12 ಥ್ರೆಡ್, ಅದರ ಹಿಂದೆ 1¼ ಇಂಚಿನ ನುಣುಪು ರಿಜಿಸ್ಟರ್ (ಚಕ್ಕನ್ನ ಸೆಂಟರಲ್ಲಿ ಕೂರ್ಸೋ ಭಾಗ), ಅದರ ಹಿಂದೆ ಭುಜ. ಒಳಗೆ ಮೋರ್ಸ್ ಟೇಪರ್ 2 (ಓರೆ ತೂತಿನ ಸೈಜ್ ನಂಬರ್), ಟೇಲ್‌ಸ್ಟಾಕಲ್ಲೂ ಅದೇ 2. ತೂತು 19/32 ಇಂಚು, ಸುಮಾರು 15 ಮಿ.ಮೀ. ಇದಿಷ್ಟು ಒಂದು ಚೀಟೀಲಿ ಬರ್ದು ಗೋಡೆಗೆ ಅಂಟಿಸು, ಆಮೇಲೆ ಅಂಗಡಿ ನೋಡು.

ಥೌಲೆಕ್ಕ
ಮಾವ "ಒಂದೂಕಾಲರೆ" ಅಂದ್ರೆ ಯಾವ ಲೆಕ್ಕ 😄 ಒಂದೂ ಅರೆಕಾಲು ಅನ್ನಿ. ಹುಡುಗರು ಗೊಂದಲ ಆಗ್ತಾರೆ.

ಫಿಟ್ಟರ್‌ಮಾವ
ಅರೆಕಾಲು, ಸರಿ. ನಿನ್ ಹೆಸರಿಗೆ ತಕ್ಕ ಕೆಲ್ಸ ಮಾಡ್ದೆ.

ಗುಜರಿಪ್ರಿಯ
ಹೊರಗಿನ ಜಾ ಸೆಟ್ ಹುಡುಕಕ್ಕೆ ಹೋಗ್ಬೇಡಿ, ಟೈಮ್ ವೇಸ್ಟ್. ತ್ರೀ ಜಾದಲ್ಲಿ ಜಾಗಳು ಆ ಚಕ್‌ನ ಸ್ಕ್ರೋಲ್‌ಗೆ (ಮೂರೂ ಜಾ ಒಟ್ಟಿಗೆ ಸರಿಸೋ ಸುರುಳಿ ತಟ್ಟೆ) ಅಂತಲೇ ಮಾಡಿರ್ತಾರೆ, ಬಾಡಿ ಮೇಲಿರೋ ನಂಬರೇ ಜಾ ಮೇಲೂ ಹೊಡ್ದಿರ್ತಾರೆ, ಜೊತೆಗೆ 1, 2, 3 ಅಂತ ಸ್ಲಾಟ್ ನಂಬರ್. ಬೇರೆ ಚಕ್‌ದು ತಂದು ಹಾಕಿದ್ರೆ ಒಂದೋ ಸ್ಲಾಟಿಗೆ ಹೋಗಲ್ಲ, ಹೋದ್ರೂ ಸೆಂಟರ್ ಎಲ್ಲೋ ಇರುತ್ತೆ. ಒಳಗಿನ ಜಾನೇ ತಿರುಗಿಸಿ ಹಾಕೋಣ ಅಂದ್ರೂ ಆಗಲ್ಲ, ಹಿಂದಿನ ಹಲ್ಲು ಸ್ಕ್ರೋಲ್‌ನ ಬಾಗಿಗೆ ತಕ್ಕ ಹಾಗೆ ಬಾಗಿರುತ್ತೆ.

ಅದರ ಬದ್ಲು ಫೋರ್ ಜಾ ಇಂಡಿಪೆಂಡೆಂಟ್ ತಗೊಳಿ. ಅದರಲ್ಲಿ ಪ್ರತಿ ಜಾಗೂ ಅದರದ್ದೇ ಸ್ಕ್ರೂ, ಉಲ್ಟಾ ತಿರುಗಿಸಿ ಹಾಕ್ಬಹುದು. ದೊಡ್ಡ ಡಯಾ ಹಿಡಿಯೋ ಸಮಸ್ಯೆ ಅಲ್ಲೇ ಮುಗೀತು.

ಒಂಟಿಟೂಲ್
+1 ಫೋರ್ ಜಾ. ತ್ರೀ ಜಾ ಸೋಮಾರಿಗಳಿಗೆ.

ನಳ್ಳಿಮೂತಿ
@ಒಂಟಿಟೂಲ್ ಹೌದಾ ಗುರು, ಹೆಕ್ಸ್ ಬಾರ್ ಫೋರ್ ಜಾದಲ್ಲಿ ಹಿಡಿದು ತೋರ್ಸು ನೋಡೋಣ.

ಒಂಟಿಟೂಲ್
ಎದುರುಬದುರು ಎರಡು ಜಾ ಚಪ್ಪಟೆಗೆ, ಇನ್ನೆರಡು ಮೂಲೆಗೆ. ಹಿಡಿಯುತ್ತೆ. ಚಂದ ಅಲ್ಲ ಅಷ್ಟೇ.

ಹಬ್ಬಳ್ಳಿಕಬ್ಣ
ನಮಸ್ಕಾರ್ರೀ. ಈ ಥ್ರೆಡ್ ಅಳತಿ ವಿಷಯದಾಗ ಒಂದು ಮಾತು ಹೇಳ್ತೀನಿ ಕೇಳ್ರಿ. ಬರೇ ಥ್ರೆಡ್ ಸೇಮ್ ಐತಿ ಅಂತ ಚಕ್ ತಗೊಳ್ಳಾಕ ಹೋಗಬ್ಯಾಡ್ರಿ. ಸೌತ್ ಬೆಂಡ್ 9 ಇಂಚಿಂದು, ಅಟ್ಲಾಸ್ 10 ಇಂಚಿಂದು, ಲೋಗನ್ 10 ಇಂಚಿನ ಭಾಳ ಮಾಡೆಲ್ಲು, ಹಳೇ ಬಾಕ್ಸ್‌ಫರ್ಡ್, ಎಲ್ಲಾ 1½ ಇಂಚು 8 ಥ್ರೆಡ್ಡೇ. ಆದ್ರ ರಿಜಿಸ್ಟರ್ ವ್ಯಾಸ, ಉದ್ದ ಎಲ್ಲಾದರದೂ ಒಂದ ಅಂತ ತಿಳ್ಕೋಬ್ಯಾಡ್ರಿ. ಚಕ್ ಭುಜಕ್ಕ ಮುಟ್ಟಲಿಲ್ಲಂದ್ರ ಥ್ರೆಡ್ ಮ್ಯಾಲ ನೇತಾಡ್ತದ, ಪ್ರತಿ ಸಲ ಬಿಚ್ಚಿ ಹಾಕಿದಾಗ ರನೌಟ್ (ಸೆಂಟರ್ ತಪ್ಪಿ ತಿರುಗೂದು) ಬ್ಯಾರೆ ಬ್ಯಾರೆ ಬರ್ತದ.

ಅಟ್ಲಾಸ್ 6 ಇಂಚಿನವರು ಇನ್ನೂ ಹುಷಾರಾಗಿರ್ರಿ. ಅದರ ಮೂತಿ 1 ಇಂಚು 10 ಥ್ರೆಡ್. ಮರದ ಲೇಥ್ ಸಾಮಾನು 1 ಇಂಚು 8 ಥ್ರೆಡ್ಡಿಂದು ಎಲ್ಲಾ ಕಡೆ ಸಿಗ್ತದ, ಒಂದೆರಡು ಸುತ್ತು ಹೋಗ್ತದ, ಆಮ್ಯಾಲ ಬಿಗೀತದ. ಅಲ್ಲೇ ಜೋರ್ ಮಾಡಿದ್ರ ಸ್ಪಿಂಡಲ್ ಮೂತಿನ ಹಾಳು.

ಚಿಕ್ಕಲೇಥ್‌ಚಿನ್ನ
ಯೂನಿಮ್ಯಾಟ್‌ನವರಿಗೂ ಇದೇ ಕಥೆ. ಹಳೇ ಎಸ್ಎಲ್, ಡಿಬಿ ಆದ್ರೆ ಎಂ12 × 1, ಯೂನಿಮ್ಯಾಟ್ 3 ಆದ್ರೆ ಎಂ14 × 1. ಮಾರೋರು ಎರಡಕ್ಕೂ "ಯೂನಿಮ್ಯಾಟ್ ಚಕ್" ಅಂತಲೇ ಹಾಕ್ತಾರೆ. ಶೆರ್ಲೈನ್, ಟೈಗ್ ಎರಡೂ ¾ ಇಂಚು 16 ಥ್ರೆಡ್, ಅದು ಮಾತ್ರ ಪುಣ್ಯಕ್ಕೆ ಹೊಂದುತ್ತೆ. ಸೋ ಹುಡುಕೋವಾಗ ಬ್ರ್ಯಾಂಡ್ ಹೆಸರಲ್ಲಿ ಹುಡುಕೋದಕ್ಕಿಂತ ಥ್ರೆಡ್ ಸೈಜ್ ಹಾಕಿ ಹುಡುಕಿ. ತಾವು ಏನ್ ಮಾರ್ತಿದೀವಿ ಅಂತ ಗೊತ್ತಿಲ್ದೆ ಹಾಕಿರೋ ಜಾಹೀರಾತಲ್ಲೇ ಒಳ್ಳೇ ಸಾಮಾನು ಇರುತ್ತೆ. ಥ್ರೆಡ್ ಮೇಲೆ ಸ್ಕೇಲ್ ಇಟ್ಟು ಫೋಟೋ ಕಳ್ಸಿ ಅಂತ ಕೇಳಿ, ಕಳ್ಸಲ್ಲ ಅಂದ್ರೆ ಬಿಟ್ಟಾಕಿ.

ತಿರುಗಣಿ
ಥ್ಯಾಂಕ್ಸ್ ಎಲ್ರಿಗೂ. ಹಾಗಾದ್ರೆ ಸಾದಾ ಹಿಂಬದಿ ಇರೋ ಫೋರ್ ಜಾ ತಗೊಂಡು ಬ್ಯಾಕ್ ಪ್ಲೇಟ್ (ಚಕ್ಕನ್ನ ಸ್ಪಿಂಡಲ್ ಮೂತಿಗೆ ಜೋಡಿಸೋ ತಟ್ಟೆ) ನಾನೇ ಮಾಡೋದಾ? ಒಳಗಿನ ಥ್ರೆಡ್ ಕಟ್ ಮಾಡೋವಾಗ ಸ್ಪಿಂಡಲ್‌ಗೆ ಕೂರುತ್ತಾ ಅಂತ ನೋಡೋದು ಹೇಗೆ, ಜಾಬ್ ಇರೋದೇ ಸ್ಪಿಂಡಲ್ ಮೇಲೆ ಅಲ್ವಾ? ಇದು ನನಗೆ ತಲೆಗೇ ಹೋಗ್ತಿಲ್ಲ.

ಫಿಟ್ಟರ್‌ಮಾವ
ಒಳ್ಳೇ ಪ್ರಶ್ನೆ. ಸುಮಾರು ಜನ ಇದನ್ನ ಯೋಚ್ನೆ ಮಾಡೋದು ಅರ್ಧ ಥ್ರೆಡ್ ಆದ್ಮೇಲೆ.

ಮೊದ್ಲು ಒಂದು ಡಮ್ಮಿ ಮೂತಿ ಮಾಡ್ಕೋ. ಒಂದು ತುಂಡು ಎಂಎಸ್ (ಮೈಲ್ಡ್ ಸ್ಟೀಲ್) ರಾಡು, ಎರಡೂ ಕಡೆ ಸೆಂಟರ್ ಡ್ರಿಲ್ ಹೊಡಿ, ಕ್ಯಾಚ್ ಪ್ಲೇಟ್ ಇದೆ ಅಂದ್ಯಲ್ಲ, ಕ್ಯಾರಿಯರ್ (ರಾಡ್ ಹಿಡಿಯೋ ಕ್ಲಾಂಪು) ಹಾಕಿ ಸೆಂಟರ್‌ಗಳ (ಎರಡೂ ಕಡೆ ಮೊನಚು ಆಧಾರ) ಮಧ್ಯೆ ತಿರುಗಿಸು. 1⅛ ಕ್ಕೆ 12 ಥ್ರೆಡ್, ಹಿಂದೆ 1¼ ರಿಜಿಸ್ಟರ್, ಭುಜ, ನಿನ್ ಸ್ಪಿಂಡಲ್ ಹೇಗಿದೆಯೋ ಹಾಗೆ. ಸೆಂಟರ್ ಮಧ್ಯೆ ಇರೋದ್ರಿಂದ ಎಷ್ಟು ಸಲ ಬೇಕಾದ್ರೂ ತೆಗ್ದು ವಾಪಸ್ ಹಾಕ್ಬಹುದು, ಸೆಂಟರ್ ತಪ್ಪಲ್ಲ. ತ್ರೀ ಜಾ ಚಕ್ ಪಕ್ಕದಲ್ಲೇ ಬೆಂಚ್ ಮೇಲೆ ಇರುತ್ತೆ, ಅದನ್ನ ಇದಕ್ಕೆ ತಿರುಗಿಸಿ ನೋಡ್ತಾ ಹೋಗು. ಸ್ಪಿಂಡಲ್ ಮೇಲೆ ಹೇಗೆ ಕೂರುತ್ತೋ ಅದೇ ಫೀಲ್ ಬಂದ್ರೆ ಗೇಜ್ ರೆಡಿ. ಇದು ಜೀವಮಾನ ಪೂರ್ತಿ ಬರುತ್ತೆ.

ಇನ್ನು ಬ್ಯಾಕ್ ಪ್ಲೇಟ್. ಬೀಡಿನ (ಎರಕದ ಕಬ್ಬಿಣ) ಬ್ಲ್ಯಾಂಕ್ ಹಬ್ ಸಮೇತ ಸಿಗುತ್ತೆ. ಹಬ್ ಹಿಡಿದು ಮುಂದಿನ ಮುಖ ಫೇಸ್ ಮಾಡು. ಆ ಮುಖವನ್ನ ಫೇಸ್‌ಪ್ಲೇಟ್‌ಗೆ ಬೋಲ್ಟ್ ಮಾಡು, ಈಗ ಹಬ್ ನಿನ್ ಕಡೆ ಬರುತ್ತೆ. ಒಂದೇ ಸೆಟ್ಟಿಂಗಲ್ಲಿ ಬೋರ್, ರಿಜಿಸ್ಟರ್, ಥ್ರೆಡ್, ಹಬ್‌ನ ತುದಿ ಮುಖ ನಾಲ್ಕೂ ಮುಗ್ಸು. ಮಧ್ಯೆ ಬಿಚ್ಚಬಾರದು. ಥ್ರೆಡ್‌ಗೆ ಮುಂಚೆ ಬೋರ್ ಸುಮಾರು 1.02 ಇಂಚು. ಗೇಜ್ ಹಾಕಿ ನೋಡು, ಕೂತ್ರೆ ಫೇಸ್‌ಪ್ಲೇಟ್ ತೆಗಿ, ಬ್ಯಾಕ್ ಪ್ಲೇಟನ್ನ ಅದರ ಸ್ವಂತ ಸ್ಪಿಂಡಲ್ ಮೇಲೇ ತಿರುಗ್ಸಿ ಕೂರ್ಸು. ಈಗ ಮುಂದಿನ ಮುಖ ಮತ್ತೆ ಒಂದು ಕಟ್ ತಗೊಂಡು ಚಕ್ ಹಿಂದಿನ ಗುಂಡಿಗೆ ಕೂರೋ ಸ್ಪಿಗಾಟ್ ತಿರುಗ್ಸು. ಕಡೇ ಕಟ್ ಅದರದ್ದೇ ಜಾಗದಲ್ಲಿ ಆಗೋದ್ರಿಂದ ಸ್ಪಿಗಾಟ್ ಆ ಸ್ಪಿಂಡಲ್‌ಗೆ ನೆಟ್ಟಗೇ ಓಡುತ್ತೆ.

ಬೀಡಿಗೆ ಎಣ್ಣೆ ನೀರು ಏನೂ ಬೇಡ, ಒಣಗೇ ಕಟ್ ಮಾಡು. ಬೆಡ್ ಮೇಲೆ ಪೇಪರ್ ಹಾಸು, ಆ ಕಪ್ಪು ಪುಡಿ ಸ್ಯಾಡಲ್ ಕೆಳಗೆ ಹೋದ್ರೆ ಉಜ್ಜುಕಾಗದ ಇದ್ದ ಹಾಗೆ.

ಥೌಲೆಕ್ಕ
ಒಂದು ಸೇರಿಸ್ತೀನಿ. ಮೈಫರ್ಡ್ ಮೂತಿ ವಿಟ್‌ವರ್ತ್ ರೂಪದ್ದು, 55 ಡಿಗ್ರಿ. 60 ಡಿಗ್ರಿ ಟೂಲ್ ಹಾಕ್ಬೇಡಿ.

ನಳ್ಳಿಮೂತಿ
60 ಹಾಕಿದ್ರೂ ಆಕಾಶ ಕಳಚಿ ಬೀಳಲ್ಲ. ಚಕ್‌ನ ಸೆಂಟರ್ ಹಿಡಿಯೋದು ರಿಜಿಸ್ಟರ್ ಮತ್ತೆ ಭುಜ, ಥ್ರೆಡ್ ಕೆಲ್ಸ ಬರೀ ಎಳ್ಕೊಳ್ಳೋದು. ಸ್ವಲ್ಪ ಲೂಸ್ ಇರ್ಬೇಕು ಕೂಡ, ಇಲ್ಲಾಂದ್ರೆ ರಿಜಿಸ್ಟರ್ ಒಂದು ಕಡೆ ಎಳಿಯುತ್ತೆ ಥ್ರೆಡ್ ಒಂದು ಕಡೆ.

ಥೌಲೆಕ್ಕ
ಎಳ್ಕೊಳ್ಳೋದು ಸರಿ, ಆದ್ರೆ 55 ರ ಮೇಲೆ 60 ಹಾಕಿದ್ರೆ ಥ್ರೆಡ್‌ನ ಪಕ್ಕ ಪೂರ್ತಿ ಮುಟ್ಟಲ್ಲ, ಒಂದು ಗೆರೆ ಮೇಲೆ ಭಾರ ಬೀಳುತ್ತೆ. ಪದೇಪದೇ ಬಿಚ್ಚಿ ಹಾಕೋ ಜಾಗ ಅದು, ಸವೆಯೋದು ಸ್ಪಿಂಡಲ್. ಚಕ್ ಬೇರೆ ಸಿಗುತ್ತೆ, ಸ್ಪಿಂಡಲ್? ಒಂದು ಎಚ್ಚೆಸ್ಸೆಸ್ (ಹೈ ಸ್ಪೀಡ್ ಸ್ಟೀಲ್) ತುಂಡು 55ಕ್ಕೆ ಗ್ರೈಂಡ್ ಮಾಡಕ್ಕೆ ಎಷ್ಟೊತ್ತು ಬೇಕು.

ನಳ್ಳಿಮೂತಿ
ಸರಿ ಸರಿ, ಗ್ರೈಂಡ್ ಮಾಡೋಕೆ ಬರೋರಿಗೆ 55. ಇನ್ಸರ್ಟ್ ಪೀಳಿಗೆಗೆ (ರೆಡಿ ಟೂಲ್ ತುದಿ ಕೊಂಡು ಹಾಕೋರಿಗೆ) ದೇವರೇ ಗತಿ.

ಸುಮ್ನೆಓದೋನು
ಸ್ಪಿಗಾಟ್ ಬಿಗಿಯಾಗಿ ಕೂರಬೇಕಾ ಲೂಸಾ? ಎರಡೂ ಓದಿದೀನಿ.

ಗುಜರಿಪ್ರಿಯ
ಫೋರ್ ಜಾಗೆ ತಲೆ ಕೆಡಿಸ್ಕೋಬೇಡಿ, ಹೇಗಿದ್ರೂ ಪ್ರತಿ ಜಾಬ್‌ಗೂ ಡಯಲ್ ಗೇಜ್ ಹಾಕಿ ಸೆಟ್ ಮಾಡ್ಲೇಬೇಕು. ತ್ರೀ ಜಾಗೆ ಆದ್ರೆ ನಾನು ಬೇಕಂತಲೇ ಕೂದಲೆಳೆ ಲೂಸ್ ಬಿಡ್ತೀನಿ. ಬೋಲ್ಟ್ ಅರ್ಧ ಬಿಗಿ ಮಾಡಿ, ಒಂದು ನೆಟ್ಟಗಿರೋ ರಾಡ್ ಹಿಡಿದು ಡಯಲ್ ನೋಡ್ತಾ ಚಕ್‌ಗೆ ಮೆತ್ತಗೆ ತಟ್ಟಿ ಸೆಂಟರ್ ತಂದು ಆಮೇಲೆ ಪೂರ್ತಿ ಬಿಗಿ.

ಫಿಟ್ಟರ್‌ಮಾವ
ನಾನು ಒಪ್ಪಲ್ಲ. ಪಾರ್ಟಿಂಗ್ (ಜಾಬ್ ಕತ್ತರ್ಸಿ ಬೇರೆ ಮಾಡೋದು) ಮಾಡೋವಾಗ ಟೂಲ್ ಕಚ್ಕೊಂಡ್ರೆ ಆ ಸೆಟ್ಟಿಂಗ್ ಎಲ್ಲಿಗೆ ಹೋಗುತ್ತೆ? ಬಿಗಿ ಮಾಡು, ಸ್ಕ್ರೋಲ್ ಎಷ್ಟು ತಪ್ಪಿದ್ಯೋ ಅಷ್ಟು ತಪ್ಪಿರ್ಲಿ. ನೆಟ್ಟಗೆ ಬೇಕಾದ್ರೆ ಸೆಂಟರ್ ಮಧ್ಯೆ ಮಾಡು ಇಲ್ಲ ಕಾಲೆಟ್ (ರಾಡನ್ನ ಸುತ್ತಲೂ ಒತ್ತಿ ಹಿಡಿಯೋ ಸೀಳು ಬುಷ್ಷು) ಹಾಕು.

ಒಂಟಿಟೂಲ್
ಇವರಿಬ್ರೂ ಹಿಂದಿನ ಜನ್ಮದಲ್ಲಿ ಅತ್ತೆ ಸೊಸೆ.

ಗೇರ್‌ಗುಂಡ
ಗೇರ್ ವಿಷಯಕ್ಕೆ ಬರೋಣ, ಯಾರೂ ಮಾತಾಡ್ತಿಲ್ಲ. ಎಂಎಲ್7 ಲೀಡ್ ಸ್ಕ್ರೂ ಇಂಚಿಗೆ 8, ಅಂದ್ರೆ ಪಿಚ್ 3.175 ಮಿ.ಮೀ. ನಿಖರವಾಗಿ ಮೆಟ್ರಿಕ್ ಬರ್ಬೇಕಂದ್ರೆ 127 ಹಲ್ಲಿನ ಗೇರ್ ಬೇಕು, ಯಾಕಂದ್ರೆ 25.4 ಐದು ಸಲ ಹಾಕಿದ್ರೆ 127. ಆದ್ರೆ ಮೈಫರ್ಡ್ ಗೇರ್ 20 ಡಿಪಿ (ಡಯಾಮೆಟ್ರಲ್ ಪಿಚ್, ಹಲ್ಲಿನ ಸೈಜ್), 127 ಹಲ್ಲು ಅಂದ್ರೆ ಹೊರ ವ್ಯಾಸ 6.45 ಇಂಚು, ಬಾಂಜೋ (ಚೇಂಜ್ ಗೇರ್ ಹಿಡಿಯೋ ತೋಳು) ಹತ್ರ ಕೂರ್ಸೋದೇ ಕಷ್ಟ. ಅಷ್ಟೇ ಅಲ್ಲ 127 ಅವಿಭಾಜ್ಯ ಸಂಖ್ಯೆ, 40ಕ್ಕೆ 1ರ ಡಿವೈಡಿಂಗ್ ಹೆಡ್ಡಲ್ಲಿ (ಸುತ್ತನ್ನ ಸಮ ಭಾಗ ಮಾಡೋ ಸಾಧನ) ಸಾದಾ ಪ್ಲೇಟ್‌ಗಳಿಂದ ಬರಲ್ಲ.

ಬದಲಿಗೆ 63 ಹಲ್ಲು ಮಾಡ್ಕೊಳಿ. 80 ಭಾಗ 63 ಅಂದ್ರೆ 1.26984, ಬೇಕಾಗಿದ್ದು 1.27. ತಪ್ಪು 8000ದಲ್ಲಿ 1. 1 ಮಿ.ಮೀ ಪಿಚ್‌ಗೆ ಸ್ಪಿಂಡಲ್ ಕಡೆಯಿಂದ 20 ಹಲ್ಲು 50ನ್ನ ಓಡ್ಸುತ್ತೆ, ಅದೇ ಶಾಫ್ಟಲ್ಲಿರೋ 63 ಹಲ್ಲು ಲೀಡ್ ಸ್ಕ್ರೂ ಮೇಲಿನ 80ನ್ನ ಓಡ್ಸುತ್ತೆ. ಲೆಕ್ಕ ಹಾಕಿದ್ರೆ 0.315, ಗುಣಿಸು 3.175, ಬರೋದು 1.000125. ನೂರು ಮಿ.ಮೀ ಉದ್ದದ ಥ್ರೆಡ್ಡಲ್ಲಿ ಒಂದು ನೂರರಷ್ಟು ಮಿ.ಮೀ ಗಿಂತ ಚೂರು ಜಾಸ್ತಿ ತಪ್ಪು. ನಟ್‌ಗೆ ಗೊತ್ತೇ ಆಗಲ್ಲ.

ಹಬ್ಬಳ್ಳಿಕಬ್ಣ
ಛಲೋ ಹೇಳಿದ್ರಿ. ಆದ್ರ ಒಂದು ಬಿಟ್ರಿ ನೀವು. ಇಂಚಿನ ಲೀಡ್ ಸ್ಕ್ರೂ ಮ್ಯಾಲ ಮೆಟ್ರಿಕ್ ಕಟ್ ಮಾಡೂ ಮುಂದ ಹಾಫ್ ನಟ್ (ಲೀಡ್ ಸ್ಕ್ರೂ ಹಿಡಿಯೂ ನಟ್) ಬಿಡಬಾರ್ದು, ಥ್ರೆಡ್ ಡಯಲ್ (ಅದನ್ನ ಮತ್ತ ಯಾವಾಗ ಹಾಕಬೇಕು ಅಂತ ತೋರ್ಸೂದು) ಉಪಯೋಗ ಇಲ್ಲ. ಟೂಲ್ ಹಿಂದಕ್ಕ ಎಳ್ಕೊಂಡು ಮೋಟರ್ ಉಲ್ಟಾ ಓಡಿಸಿ ವಾಪಸ್ ತರಬೇಕು. ಇನ್ನ ಸ್ಕ್ರೂ ಚಕ್ ಇದ್ದವರು ಉಲ್ಟಾ ಓಡಿಸೂ ಮುಂದ ಹುಷಾರು, ಚಕ್ ಬಿಚ್ಚಿ ತೊಡಿ ಮ್ಯಾಲ ಬೀಳ್ತದ. ಸಾವಕಾಶ ಓಡಿಸ್ರಿ, ಕಟ್ ತಗೋಬ್ಯಾಡ್ರಿ, ಗಕ್ಕನ ಬ್ರೇಕ್ ಹಾಕಬ್ಯಾಡ್ರಿ.

ತಿರುಗುಕೈ
ಅದಕ್ಕೇ ನಾನು ಮೋಟರ್ ಆಫ್ ಮಾಡಿ ಕೈಯಲ್ಲೇ ತಿರುಗ್ಸೋದು! ಸ್ಪಿಂಡಲ್ ಹಿಂಬದಿ ತೂತಿಗೆ ಒಂದು ಹ್ಯಾಂಡಲ್ ಮಾಡ್ಕೊಳಿ. ತೂತಿಗೆ ಸರಿಯಾಗಿ ಕೂರೋ ರಾಡು, ತುದಿ ಸೀಳಿ ಒಳಗೆ ಕೋನ್ ಇಟ್ಟು ಡ್ರಾ ಬೋಲ್ಟ್ ಎಳೆದ್ರೆ ಅಗಲ ಆಗಿ ಹಿಡ್ಕೊಳ್ಳುತ್ತೆ, ಆಚೆ ತುದಿಗೆ ಕ್ರ್ಯಾಂಕ್. ಚಿಕ್ಕ ಥ್ರೆಡ್ ಭುಜದವರೆಗೂ ಕಟ್ ಮಾಡೋವಾಗ, ಟ್ಯಾಪ್ ಹೊಡಿಯೋವಾಗ ಇದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ. ಮೋಟರ್ ಪ್ಲಗ್ ಕಿತ್ತಿಟ್ಟೇ ಹಾಕಿ, ಹ್ಯಾಂಡಲ್ ಸಮೇತ ಮೋಟರ್ ಆನ್ ಆದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ನಾನು ಟರ್ನರ್ ಟ್ರೇಡ್ ಕಲ್ತವಳು, ಮನೇಲಿ ಮೊದಲ್ನೇ ಲೇಥ್‌ಗೆ ಮೊದಲ್ನೇ ಆಕ್ಸೆಸರಿ ಇದನ್ನೇ ಮಾಡಿದ್ದು.

ತಿರುಗಣಿ
ಮೇಡಂ ಇದು ಸೂಪರ್. 63 ಹಲ್ಲಿನ ಗೇರ್ ತ್ರೀಡಿ ಪ್ರಿಂಟ್ ಮಾಡ್ಸಿದ್ರೆ ನಡಿಯುತ್ತಾ? ಮತ್ತೆ ಮಾಡ್ಯೂಲ್ (ಮೆಟ್ರಿಕ್ ಹಲ್ಲಿನ ಸೈಜ್) 1.25 ಗೇರ್ ರೆಡಿ ಸಿಗುತ್ತಲ್ಲ ಅದು 20 ಡಿಪಿಗೆ ಹತ್ರ ಅಲ್ವಾ?

ಗೇರ್‌ಗುಂಡ
ಹತ್ರ, ಆದ್ರೆ ಅಲ್ಲ. 20 ಡಿಪಿ ಅಂದ್ರೆ ಮಾಡ್ಯೂಲ್ 1.27. ಅದಕ್ಕಿಂತ ಮುಖ್ಯ ಪ್ರೆಶರ್ ಆಂಗಲ್ (ಹಲ್ಲಿನ ಪಕ್ಕದ ಓರೆ), ಹಳೇ ಮೈಫರ್ಡ್ ಗೇರ್ 14½ ಡಿಗ್ರಿ, ಈಗಿನ ರೆಡಿ ಗೇರ್ ಸಾಮಾನ್ಯವಾಗಿ 20 ಡಿಗ್ರಿ. ಎರಡನ್ನ ಮಿಕ್ಸ್ ಮಾಡಿದ್ರೆ ಕಿರಿಚುತ್ತೆ, ಹಲ್ಲು ತಿನ್ನುತ್ತೆ. ಸೌತ್ ಬೆಂಡ್ 9 ಆದ್ರೆ 18 ಡಿಪಿ, ಅಟ್ಲಾಸ್ 10 ಮತ್ತೆ 12 ಇಂಚಿಂದು 16, ಅಟ್ಲಾಸ್ 6 ಇಂಚಿಂದು 24. ಹೊರ ವ್ಯಾಸ ಅಳೆದು ಹಲ್ಲಿಗೆ ಎರಡು ಕೂಡಿ ಭಾಗಿಸಿದ್ರೆ ಡಿಪಿ ಸಿಗುತ್ತೆ. 63 ಹಲ್ಲು 20 ಡಿಪಿ ಅಂದ್ರೆ 65 ಭಾಗ 20, 3.25 ಇಂಚು.

ಪ್ರಿಂಟ್ ಧಾರಾಳವಾಗಿ ನಡಿಯುತ್ತೆ. ಕೈಗೆ ಮಿಲ್ಲಿಂಗ್ ಇದ್ರೆ ನಂಬರ್ 2 ಕಟರ್ ಬೇಕು, ಅದು 55ರಿಂದ 134 ಹಲ್ಲಿನವರೆಗೂ.

ಒಂಟಿಟೂಲ್
ಪ್ಲಾಸ್ಟಿಕ್ ಗೇರಾ? 1946ರ ಡಿಸೈನ್ ಮೆಷಿನ್‌ಗೆ? ಥೂ.

ಗೇರ್‌ಗುಂಡ
ಅಟ್ಲಾಸ್‌ನವರು ಹೊಸದಾಗಿರೋವಾಗ್ಲೇ ಜಮಾಕ್ ಸತು ಮಿಶ್ರಣದ ಗೇರ್ ಕೊಡ್ತಿದ್ರು, ಗೊತ್ತಾ. ಜಮಾಕಲ್ಲಿ ಸೀಸ ಬೆರಕೆ ಇದ್ದ ಬ್ಯಾಚ್ ಆದ್ರೆ ಕಾಲ ಕಳೆದ ಹಾಗೆ ಒಳಗೇ ಬಿರುಕು ಬಿಟ್ಟು ಉಬ್ಬಿ ಪುಡಿ ಆಗುತ್ತೆ. ನೈಲಾನ್ ಅದಕ್ಕಿಂತ ಕೆಟ್ದಾ? ಏನಾದ್ರೂ ಕಚ್ಕೊಂಡ್ರೆ ಪ್ಲಾಸ್ಟಿಕ್ ಗೇರ್ ಮುರಿಯುತ್ತೆ, ಬೀಡಿನ ಗೇರ್ ಉಳಿಯುತ್ತೆ. ಫ್ಯೂಸ್ ಅದು.

ಸುಮ್ನೆಓದೋನು
ಪಿಎಲ್ಎ ಪ್ಲಾಸ್ಟಿಕ್ ಬೇಡ ಅಂತಾರಲ್ಲ?

ಗೇರ್‌ಗುಂಡ
60 ಡಿಗ್ರಿ ಹತ್ರ ಮೆತ್ತಗಾಗುತ್ತೆ. ಚೇಂಜ್ ಗೇರ್ ಅಷ್ಟು ಬಿಸಿ ಆದ್ರೆ ಬೇರೆ ಏನೋ ತೊಂದರೆ ಇದೆ. ಥ್ರೆಡ್ ಕಟ್ಟಿಂಗ್‌ಗೆ ಪಿಎಲ್ಎನೂ ಓಡುತ್ತೆ, ದಿನವಿಡೀ ಫೀಡಿಗೆ ಹಾಕೋ ಗೇರ್ ಆದ್ರೆ ನೈಲಾನ್ ಇಲ್ಲ ಪಿಇಟಿಜಿ.

ನಳ್ಳಿಮೂತಿ
ಸ್ವಲ್ಪ ಬೇರೆ ವಿಷಯ. ನನ್ ಚಕ್ ಸ್ಪಿಂಡಲ್‌ಗೆ ಅಂಟ್ಕೊಂಡು ಕೂತಿದೆ, ಬರ್ತಾನೇ ಇಲ್ಲ. ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ಇಳಿಸೋ ಗೇರು) ಹಾಕಿ ಲಾಕ್ ಮಾಡಿ ಹೊಡೀಲಾ?

ಫಿಟ್ಟರ್‌ಮಾವ
ಬೇಡ!!! ಹಳೇ ಲೇಥ್‌ಗಳಲ್ಲಿ ಬುಲ್ ಗೇರ್ (ಸ್ಪಿಂಡಲ್ ಮೇಲಿನ ದೊಡ್ಡ ಗೇರು) ಹಲ್ಲು ಮುರಿದಿರೋದಕ್ಕೆ ಕಾರಣವೇ ಅದು. ಬೆಲ್ಟ್ ಲಾಕು, ಬ್ಯಾಕ್ ಗೇರ್ ಎರಡೂ ಹಾಕಿ ಚಕ್‌ಗೆ ಸುತ್ತಿಗೇಲಿ ಹೊಡಿತಾರೆ, ಪೂರ್ತಿ ಏಟು ಒಂದೆರಡು ಹಲ್ಲಿನ ಮೇಲೆ.

ಗುಜರಿಪ್ರಿಯ
ರಾತ್ರಿ ಪೂರ್ತಿ ನುಗ್ಗೋ ಎಣ್ಣೆ ಬಿಟ್ಟು, ಬೆಳಿಗ್ಗೆ ಚಕ್ ಹಬ್ಬನ್ನ ಹಾಟ್ ಏರ್ ಗನ್ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ಹಿಂದಿನ ಬೆಡ್ ಮತ್ತೆ ಒಂದು ಜಾ ಮಧ್ಯೆ ಗಟ್ಟಿ ಮರದ ತುಂಡು ನಿಲ್ಸಿ, ಬೆಲ್ಟ್ ಪುಲ್ಲಿಯನ್ನ ಕೈಯಲ್ಲೇ ಉಲ್ಟಾ ಜರ್ಕ್ ಕೊಡಿ. ಮೋಟರ್ ಅಲ್ಲ, ಕೈ. ಮುಂದಿನ ಸಲ ಹಾಕೋಕೆ ಮುಂಚೆ ಥ್ರೆಡ್ ಒರೆಸಿ ಒಂದು ತೊಟ್ಟು ಎಣ್ಣೆ.

ತಿರುಗುಕೈ
ಎಣ್ಣೆ ಅಂದ್ರೆ ಜ್ಞಾಪಕ ಬಂತು. @ತಿರುಗಣಿ ನಿಮ್ ವೈಟ್ ಮೆಟಲ್ ಬೇರಿಂಗ್ ಮೇಲಿರೋ ಡ್ರಿಪ್ ಆಯ್ಲರ್ ತುಂಬ್ಸಿ ಬಿಟ್ಟೇ ಓಡ್ಸಿ, ಗ್ರೀಸ್ ತುಂಬೋ ಬುದ್ಧಿವಂತಿಕೆ ಮಾಡ್ಬೇಡಿ. ಯಾರೋ ಹಿಂದಿನ ಮಾಲೀಕರು ತುಂಬಿರ್ತಾರೆ, ತೆಗ್ದು ನೋಡಿ.

ತಿರುಗಣಿ
ನೋಡ್ದೆ ಮೇಡಂ, ಒಂದರಲ್ಲಿ ನಿಜವಾಗ್ಲೂ ಗ್ರೀಸ್ ಇತ್ತು!! ಕ್ಲೀನ್ ಮಾಡ್ದೆ.

ಸ್ಟೆಡಿ ಬಗ್ಗೆ ಹೇಳಿ. ಸೆಕೆಂಡ್ ಹ್ಯಾಂಡ್ ಸ್ಟೆಡಿ ಸಿಗೋದೇ ಇಲ್ಲ, ಸಿಕ್ರೂ ಬೇರೆ ಲೇಥ್‌ದು.

ಥೌಲೆಕ್ಕ
ಸ್ಟೆಡಿ ಕಳ್ದುಹೋಗೋಕೆ ಕಾರಣ ಇದೆ. ವರ್ಷಕ್ಕೆ ಒಂದೆರಡು ಸಲ ಬಳಸೋದು, ಉಳಿದ ಕಾಲ ಕಪಾಟಿನ ಕೆಳಗೆ ಬಿದ್ದಿರುತ್ತೆ, ಮೆಷಿನ್ ಮಾರೋವಾಗ ಯಾರಿಗೂ ಅದು ಇದರ ಪಾರ್ಟ್ ಅಂತ ಗೊತ್ತಿರಲ್ಲ. ಮುಚ್ಚಿದ ವರ್ಕ್‌ಶಾಪ್ ಸಾಮಾನು ಮಾರೋ ಕಡೆ ಹೋದ್ರೆ ಲೇಥ್ ಸುತ್ತ ಅಲ್ಲ, ಮೂಲೇಲಿರೋ ಡಬ್ಬಗಳಲ್ಲಿ ಕೈ ಹಾಕಿ.

ಮಾಡೋದಾದ್ರೆ: ದಪ್ಪ ಎಂಎಸ್ ಪ್ಲೇಟಲ್ಲಿ ರಿಂಗ್, ಅರ್ಧಕ್ಕೆ ಸೀಳಿ ಒಂದು ಕಡೆ ಹಿಂಜ್ ಒಂದು ಕಡೆ ಬೋಲ್ಟ್, 120 ಡಿಗ್ರಿಗೆ ಮೂರು ಬೆರಳು. ಕೆಳಗಿನ ಪಾದ ಮಾಡಿ ಬೆಡ್ ಮೇಲೆ ಕೂರ್ಸಿ, ಸೆಂಟರ್‌ಗಳ ಮಧ್ಯೆ ಬೋರಿಂಗ್ ಬಾರ್ ಹಾಕಿ ರಿಂಗನ್ನ ಲೈನ್ ಬೋರ್ ಮಾಡ್ಬೇಕು, ಆಗ್ಲೇ ಸೆಂಟರ್ ನಿಖರ.

ತಿರುಗುಕೈ
ಲೈನ್ ಬೋರ್ ಯಾಕೆ ಸಾರ್? ರಿಂಗ್ ಎರಡು ಮಿ.ಮೀ ಆಚೀಚೆ ಆದ್ರೂ ಏನಾಯ್ತು, ಸೆಂಟರ್ ಹಿಡಿಯೋದು ಬೆರಳು, ಬೆರಳು ಅಡ್ಜಸ್ಟ್ ಆಗುತ್ತಲ್ಲ. ಗ್ಯಾಸ್ ಕಟಿಂಗಲ್ಲಿ ಕತ್ತರ್ಸಿದ ರಿಂಗೇ ಸಾಕು. ಕಾಳಜಿ ಇಡ್ಬೇಕಾದ್ದು ಪಾದ ಬೆಡ್ ಮೇಲೆ ಅಲ್ಲಾಡದ ಹಾಗೆ ಕೂರೋದ್ರಲ್ಲಿ. ಎಂಎಲ್7 ಬೆಡ್ ಚಪ್ಪಟೆ, ಅದಕ್ಕೇ ಸುಲಭ. ಸೌತ್ ಬೆಂಡ್ ಥರ ವಿ ಬೆಡ್ ಇದ್ದವರಿಗೆ ಪಾದ ಕೂರ್ಸೋದೇ ಅರ್ಧ ಕೆಲ್ಸ.

ಬೆರಳ ತುದಿಗೆ ಗನ್ ಮೆಟಲ್ ಇಲ್ಲ ಹಿತ್ತಾಳೆ. ಬೇರಿಂಗ್ ಹಾಕ್ತೀನಿ ಅಂತ ಯಾರಾದ್ರೂ ಹೇಳ್ತಾರೆ ಈಗ, ಅದಕ್ಕೂ ಹೇಳ್ತೀನಿ: ಬೇರಿಂಗ್ ಕೆಳಗೆ ಚಿಪ್ಸ್ ಸಿಕ್ಕಿದ್ರೆ ಜಾಬ್ ಮೇಲೇ ಒತ್ತಿ ಮುದ್ರೆ ಹಾಕುತ್ತೆ.

ಒಂಟಿಟೂಲ್
ನಾನು ಬೇರಿಂಗ್ ಹಾಕ್ತೀನಿ ಅಂತ ಟೈಪ್ ಮಾಡ್ತಿದ್ದೆ. ಡಿಲೀಟ್ ಮಾಡ್ದೆ.

ಥೌಲೆಕ್ಕ
ಬೆರಳು ಅಡ್ಜಸ್ಟ್ ಆಗುತ್ತೆ ಅನ್ನೋದು ಸರಿ, ಲೈನ್ ಬೋರ್ ವಾಪಸ್ ತಗೊಂಡೆ. ಆದ್ರೆ ಸೆಟ್ ಮಾಡೋದು ಚಕ್ ಹತ್ರ, ಜಾಬ್ ನೆಟ್ಟಗಿರೋ ಕಡೆ ಮಾಡಿ, ಆಮೇಲೆ ಸ್ಟೆಡೀನ ತುದಿಗೆ ಜರುಗಿಸಿ. ತುದೀಲೇ ಕಣ್ಣಂದಾಜಲ್ಲಿ ಸೆಟ್ ಮಾಡಿದ್ರೆ ಜಾಬ್ ಬಾಗಿಸಿ ಹಿಡಿದ ಹಾಗಾಗುತ್ತೆ, ನಿಧಾನಕ್ಕೆ ಚಕ್ಕಿಂದ ಹೊರಗೂ ಬರುತ್ತೆ.

ಚಿಕ್ಕಲೇಥ್‌ಚಿನ್ನ
ಟೂಲ್ ಪೋಸ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ತಗೊಳ್ಳೋಕೆ ಮುಂಚೆ ಟಾಪ್ ಸ್ಲೈಡ್ ಮೇಲ್ಮೈಯಿಂದ ಸೆಂಟರ್‌ವರೆಗೆ ಎಷ್ಟು ಎತ್ತರ ಅಂತ ಅಳೀರಿ. ದೊಡ್ಡ ಸೈಜ್ ಬಂದ್ರೆ ಟೂಲ್ ಸೆಂಟರಿಗಿಂತ ಮೇಲೇ ಇರುತ್ತೆ, ಇಳಿಸೋಕೆ ಜಾಗ ಇಲ್ಲ.

ಮಾಡ್ಕೊಳ್ಳೋದಾದ್ರೆ ನಾರ್ಮನ್ ಮಾದರಿ ಟ್ರೈ ಮಾಡಿ. ಮಧ್ಯದಲ್ಲಿ ಒಂದು ಗುಂಡನೆ ಕಂಬ, ಅದಕ್ಕೆ ಸೀಳಿರೋ ಬ್ಲಾಕ್, ಬೋಲ್ಟ್ ಬಿಗಿ ಮಾಡಿದ್ರೆ ಕಂಬ ಹಿಡ್ಕೊಳ್ಳುತ್ತೆ, ಹೈಟಿಗೆ ಒಂದು ಸ್ಕ್ರೂ. ಡವ್‌ಟೇಲ್ ಇಲ್ಲ. ಬ್ಲಾಕನ್ನ ಫೋರ್ ಜಾದಲ್ಲಿ ಹಿಡಿದು ಬೋರ್ ಮಾಡಿದ್ರೆ, ಗರಗಸದಲ್ಲಿ ಸೀಳಿದ್ರೆ ಮುಗೀತು, ಟೂಲ್ ಕೂರೋ ಸ್ಲಾಟ್ ಒಂದಕ್ಕೆ ಸ್ವಲ್ಪ ಫೈಲ್ ಕೆಲ್ಸ. ತಗಡು ಚೂರು ಇಡೋ ಗೋಳು ತಪ್ಪುತ್ತೆ.

ಸುಮ್ನೆಓದೋನು
ಮಿಲ್ಲಿಂಗ್ ಮೆಷಿನ್ ಇಲ್ದೋರು ವರ್ಟಿಕಲ್ ಸ್ಲೈಡ್ (ಜಾಬನ್ನ ಮೇಲೆ ಕೆಳಗೆ ಸರಿಸೋದು) ಹಾಕ್ಬಹುದಲ್ಲ? ಟೇಲ್‌ಸ್ಟಾಕಿನ ಡ್ರಿಲ್ ಚಕ್ಕನ್ನೇ ಸ್ಪಿಂಡಲ್‌ಗೆ ಹಾಕಿ ಅದರಲ್ಲಿ ಕಟರ್ ಹಿಡಿದ್ರೆ ಆಯ್ತಾ?

ಫಿಟ್ಟರ್‌ಮಾವ
ವರ್ಟಿಕಲ್ ಸ್ಲೈಡ್ ಸರಿ. ಡ್ರಿಲ್ ಚಕ್ ಬೇಡವೇ ಬೇಡ. ಪಕ್ಕದ ಒತ್ತಡ, ಅದುರು ಬಂದ ತಕ್ಷಣ ಟೇಪರ್ ಸಡಿಲ ಆಗಿ ಇಡೀ ಚಕ್ಕೇ ಉದುರುತ್ತೆ. ಮೋರ್ಸ್ 2 ಕಾಲೆಟ್, ಹಿಂದಿನಿಂದ ಡ್ರಾ ಬಾರ್ ಹಾಕಿ ಎಳಿ.

ಗುಜರಿಪ್ರಿಯ
ಅಥವಾ ಸ್ಪಿಂಡಲ್ ಮೂತಿಗೇ ತಿರುಗೋ ಇಆರ್ 32 ಕಾಲೆಟ್ ಚಕ್. ಮೋರ್ಸ್ ಕಾಲೆಟ್ ಹಾಕಿದ್ರೆ ಉದ್ದ ರಾಡ್ ಸ್ಪಿಂಡಲ್ ಒಳಗೆ ಹೋಗಲ್ಲ, ಇದರಲ್ಲಿ ಹೋಗುತ್ತೆ. ಕಾಲೆಟನ್ನ ಮೊದ್ಲು ನಟ್‌ಗೆ ಕ್ಲಿಕ್ ಅಂತ ಕೂರ್ಸಿ ಆಮೇಲೆ ಚಕ್‌ಗೆ ಹಾಕಿ, ಬರೀ ಕಾಲೆಟ್ ಒಳಗೆ ತಳ್ಳಿ ನಟ್ ಬಿಗಿ ಮಾಡಿದ್ರೆ ಕಾಲೆಟ್ ವಾಪಸ್ ಬರಲ್ಲ.

ನಳ್ಳಿಮೂತಿ
ಚಕ್ ಬಂತು!! ಮರದ ತುಂಡು, ಹಾಟ್ ಏರ್ ಗನ್, ಒಂದೇ ಜರ್ಕು.

ಒಂಟಿಟೂಲ್
ಇಷ್ಟೆಲ್ಲಾ ಮಾಡೋ ಬದ್ಲು ಹೊಸ ಮಿನಿ ಲೇಥ್ ತಗೊಂಡಿದ್ರೆ ಎಲ್ಲಾ ಆಕ್ಸೆಸರಿ ಡಬ್ಬದಲ್ಲೇ ಬರ್ತಿತ್ತು 😏

ಹಬ್ಬಳ್ಳಿಕಬ್ಣ
ಬಂತು ನೋಡ್ರಿ ಬೆಂಕಿ ಹಚ್ಚಾಂವ.

ಗೇರ್‌ಗುಂಡ
ಮೈಫರ್ಡ್‌ಗೆ ಸಾಮಾನು ಸಿಗಲ್ಲ ಅನ್ನೋ ಚಿಂತೆ ಕಮ್ಮಿ. 2011ರಲ್ಲಿ ಇಂಗ್ಲೆಂಡಿನ ಬೀಸ್ಟನ್ ಫ್ಯಾಕ್ಟರಿ ಮುಚ್ಚಿದ್ರೂ ಹೆಸರು, ಸ್ಟಾಕು ಇನ್ನೊಂದು ಕಂಪನಿ ತಗೊಂಡ್ತು, ಇವತ್ತಿಗೂ ಆ ಥ್ರೆಡ್ಡಿನ ಚಕ್ಕು, ಬ್ಯಾಕ್ ಪ್ಲೇಟ್ ಹೊಸದೇ ಸಿಗುತ್ತೆ. ಕಷ್ಟ ಇರೋದು ಹೆಸರೇ ಅಳಿಸಿಹೋದ ಮೆಷಿನ್ ಇಟ್ಕೊಂಡಿರೋರಿಗೆ.

ತಿರುಗಣಿ
ಸರಿ, ನನ್ ಪ್ಲಾನ್ ಹೀಗೆ: ಸಾದಾ ಹಿಂಬದಿ 6 ಇಂಚಿನ ಫೋರ್ ಜಾ, ಬೀಡಿನ ಬ್ಲ್ಯಾಂಕ್ ಎರಡನ್ನೂ ಕೊಳ್ತೀನಿ. ಡಮ್ಮಿ ಮೂತಿ, ಬ್ಯಾಕ್ ಪ್ಲೇಟ್, ಕೈ ಹ್ಯಾಂಡಲ್, ನಾರ್ಮನ್ ಪೋಸ್ಟ್ ಮಾಡ್ಕೊಳ್ತೀನಿ. 63 ಹಲ್ಲು ಪ್ರಿಂಟ್. ಸ್ಟೆಡಿ ಬೇಕಾದಾಗ ನೋಡೋಣ.

ಫಿಟ್ಟರ್‌ಮಾವ
ಹ್ಯಾಂಡಲ್ ಮೊದ್ಲು ಮಾಡು. ಬ್ಯಾಕ್ ಪ್ಲೇಟಿನ ಒಳ ಥ್ರೆಡ್ಡನ್ನ ಅದರಲ್ಲೇ ಕಟ್ ಮಾಡ್ಬಹುದು, ಟೂಲ್ ಬೋರಿನ ಆಳಕ್ಕೆ ಬಂದು ಗುದ್ದೋ ಭಯ ಇರಲ್ಲ.

ಥೌಲೆಕ್ಕ
ಮತ್ತೆ 6 ಇಂಚಿನ ಚಕ್‌ನ ಜಾ ಪೂರ್ತಿ ಹೊರಗೆ ಬಿಟ್ಟಾಗ ಬೆಡ್‌ಗೆ ತಾಗುತ್ತಾ ಅಂತ ಮೋಟರ್ ಹಾಕೋಕೆ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ನಿಮ್ ಲೇಥ್ ಬೆಡ್ ಮೇಲೆ ಬರೀ 7 ಇಂಚು ವ್ಯಾಸ ಹಿಡಿಯೋದು, ಗ್ಯಾಪಲ್ಲಿ (ಚಕ್ ಹತ್ರ ಬೆಡ್ ತಗ್ಗಾಗಿರೋ ಕಡೆ) 10.

ಕೀಲುಕುದುರೆ
ತಡವಾಗಿ ಬಂದೆ, ಕ್ಷಮಿಸಿ. ನನ್ ಹತ್ರ ಹೆಸರೇ ಇಲ್ಲದ ಒಂದು ಲೇಥ್ ಇದೆ, ಸ್ಪಿಂಡಲ್ ಮೂತಿ ವರ್ನಿಯರಲ್ಲಿ 28.4 ಮಿ.ಮೀ, ಪಿಚ್ ಗೇಜಲ್ಲಿ ಇಂಚಿಗೆ 12 ಹತ್ರಹತ್ರ ಕೂರುತ್ತೆ ಆದ್ರೆ ರಿಜಿಸ್ಟರ್ ಇಲ್ಲವೇ ಇಲ್ಲ, ನೇರ ಭುಜ. ಇದು ಯಾವುದು ಯಾರಿಗಾದ್ರೂ ಗೊತ್ತಾ?

ಗುಜರಿಪ್ರಿಯ
ಹೆಡ್‌ಸ್ಟಾಕ್ ಕಡೆಯಿಂದ, ಹಿಂದಿನಿಂದ, ಏಪ್ರನ್ ಫೋಟೋ ಹಾಕಿ. ಮತ್ತೆ ಲೀಡ್ ಸ್ಕ್ರೂ ಬೆಡ್‌ನ ಮುಂದೆ ಇದ್ಯಾ, ಮಧ್ಯೆ ಇದ್ಯಾ?